ಒಬ್ಬರೇ ಮೇಕರ್, ಮೂರು ಬ್ಯಾಟು: ಯಾವುದನ್ನ ಇಟ್ಟುಕೊಳ್ಳೋದು?

ಕವರ್‌ಡ್ರೈವ್_ಬಸವನಗುಡಿ

ಮೀರತ್‌ನ ಒಂದು ಪುಟ್ಟ ವರ್ಕ್‌ಶಾಪಿನಿಂದ ಕ್ಲಬ್ಬಿಗೆ ಮೂರು ಇಂಗ್ಲಿಷ್ ವಿಲೋ ಬ್ಯಾಟ್ ಬಂದಿವೆ. ಪ್ರೆಸ್ ಮಾಡೋದರಿಂದ ಹಿಡಿದು ಹಿಡಿಕೆಗೆ ದಾರ ಸುತ್ತೋವರೆಗೂ ಒಬ್ಬರದೇ ಕೈಕೆಲಸ. ಒಂದನ್ನ ಇಟ್ಟುಕೊಂಡು ಎರಡನ್ನ ವಾಪಸ್ ಕಳಿಸಬಹುದು, ಆದರೆ ಕಲೆ ಬಿದ್ದಿರಬಾರದು ಅಂತ ಮಾತಾಗಿದೆ. ಮೂರೂ ಶಾರ್ಟ್ ಹ್ಯಾಂಡಲ್, ಉದ್ದ 85 ಸೆಂ.ಮೀ. ಮೂರಕ್ಕೂ ಒಂದೇ ಥರದ ಗ್ರಿಪ್. ಎಣ್ಣೆ ಹಚ್ಚಿಲ್ಲ, ಮುಖ ಕಾಯೋ ಶೀಟ್ ಅಂಟಿಸಿಲ್ಲ.

ಅ: 1162 ಗ್ರಾಂ. ಗ್ರೇನ್ (ಮುಖದ ಉದ್ದಗೆರೆ) 9, ನೇರ. ದಪ್ಪದ ಲೆಕ್ಕದಲ್ಲಿ ಎಡ್ಜ್ (ಪಕ್ಕದ ಅಂಚು) 38/38 ಮಿ.ಮೀ., ಬೆನ್ನು 62, ಟೋ (ಕೆಳತುದಿ) 18.

ಬ: 1190 ಗ್ರಾಂ. ಗ್ರೇನ್ 6, ಒಂದು ಎಡ್ಜ್ ಉದ್ದಕ್ಕೂ ಎರಡು ಬೆರಳಗಲ ಕಂದು ಪಟ್ಟೆ, ಬೆನ್ನಲ್ಲಿ ಗುಂಡುಸೂಜಿ ತಲೆಯಷ್ಟು ಒಂದು ಗಂಟು. ಎಡ್ಜ್ 36/37, ಬೆನ್ನು 60, ಟೋ 17.

ಕ: 1148 ಗ್ರಾಂ. ಗ್ರೇನ್ 11. ಎಡ್ಜ್ 40/40, ಬೆನ್ನು 64, ಟೋ 20.

ಆಡೋದು ಲೀಗ್ ಮ್ಯಾಚು. ಅರ್ಧ ಟರ್ಫ್ (ಹುಲ್ಲು-ಮಣ್ಣಿನ ಪಿಚ್), ಅರ್ಧ ಮ್ಯಾಟಿಂಗ್ (ಚಾಪೆ ಹಾಸಿದ ಪಿಚ್). ಬ್ಯಾಟ್ ಹಿಡಿಯೋರು ಮೂರನೇ ನಂಬರಿನವರು. ತಿಳಿದವರು ಹೇಳಿ.

ಹುಬ್ಳಿ_ಹುಕ್‌ಶಾಟ್

ಏನ್ರೀ ಇಷ್ಟ್ ವಿಚಾರ ಮಾಡ್ತೀರಿ? ‘ಕ’ ತಗೊಂಡ್ ಬಿಡ್ರಿ. 40 ಎಡ್ಜು, ಮ್ಯಾಲೆ ಮೂರರಾಗ ಅದೇ ಹಗುರ, ಗ್ರೇನ್ ಬ್ಯಾರೆ 11. ಇಂಥಾದ್ದು ದಿನಾ ಸಿಗಂಗಿಲ್ಲ.

ಉಳಿ_ಹತ್ತರಿ

ಅದೇ ಕಾರಣಕ್ಕೇ ‘ಕ’ ಮೇಲೆ ನನಗೆ ಅನುಮಾನ. ಮೂರರಲ್ಲಿ ಗಾತ್ರ ಅದರದ್ದೇ ದೊಡ್ಡದು, ತೂಕ ಅದರದ್ದೇ ಕಮ್ಮಿ. ಮರ ಎಲ್ಲಿಂದಲೋ ಮಾಯ ಆಗೋದಿಲ್ಲ. ಒಂದೋ ಆ ಕ್ಲೆಫ್ಟ್ (ಬ್ಯಾಟ್ ಕೆತ್ತೋ ಮರದ ತುಂಡು) ಹುಟ್ಟಿನಲ್ಲೇ ಹಗುರ, ಇಲ್ಲವೇ ಒಣಗಿಸೋದು ಅತಿಯಾಗಿದೆ. ಮೊದಲನೆಯದಾದರೆ ಚಿಂತೆಯಿಲ್ಲ, ಮೃದು ಮರ ಚೆನ್ನಾಗಿಯೇ ಪುಟಿಸುತ್ತೆ, ಆಯಸ್ಸು ಸ್ವಲ್ಪ ಕಮ್ಮಿ ಅಷ್ಟೇ. ಎರಡನೆಯದಾದರೆ ಮರದ ನಾರು ಪೆಡಸು. ಮೊದಲ ಯಾರ್ಕರ್‌ಗೇ ಟೋ ಹತ್ತಿರ ಉದ್ದುದ್ದ ಸೀಳು ಬಿಡುತ್ತೆ. ಮೇಕರ್‌ಗೆ ಒಂದೇ ಪ್ರಶ್ನೆ ಕೇಳಿ: ಕೆತ್ತೋಕೆ ತಗೊಂಡಾಗ ಕ್ಲೆಫ್ಟಿನ ತೇವ ಎಷ್ಟಿತ್ತು? 10ರಿಂದ 12 ಪರ್ಸೆಂಟ್ ಅಂದರೆ ಸರಿ. 7, 8 ಅಂದರೆ ಕೈ ಬಿಡಿ. ಗೊತ್ತಿಲ್ಲ ಅಂದರೆ ತೇವದ ಮೀಟರೇ ಇಟ್ಟುಕೊಂಡಿಲ್ಲ ಅಂತ ಅರ್ಥ.

ಇನ್ನೊಂದು. 40 ಅನ್ನೋದು ಕಾನೂನಿನ ಅಂಚು. 2017ರ ಅಕ್ಟೋಬರ್ 1ರಿಂದ ಎಡ್ಜ್ 40 ಮಿ.ಮೀ., ಬೆನ್ನಿನ ದಪ್ಪ 67 ಮಿ.ಮೀ. ಮೀರುವಂತಿಲ್ಲ. ಅಗಲದ ಮಿತಿ, ನಾಲ್ಕೂಕಾಲು ಇಂಚು, ಹದಿನೆಂಟನೇ ಶತಮಾನದ್ದು. 1771ರಲ್ಲಿ ಒಬ್ಬ ಮಹಾಶಯ ಸ್ಟಂಪ್ಸ್ ಪೂರ್ತಿ ಮುಚ್ಚುವಷ್ಟು ಅಗಲದ ಬ್ಯಾಟ್ ಹಿಡಿದು ಬಂದ ಮೇಲೆ ಮಾಡಿದ್ದು. ಸರಿಯಾಗಿ 40ಕ್ಕೆ ಕೆತ್ತಿದ ಬ್ಯಾಟು ಮಳೆಗಾಲದಲ್ಲಿ ಕಾಲು ಮಿಲಿಮೀಟರ್ ಉಬ್ಬಿದರೂ ಆ ಮಿತಿ ದಾಟುತ್ತೆ. 2025ರ ಐಪಿಎಲ್‌ನಲ್ಲಿ ಅಂಪೈರ್‌ಗಳು ಮೈದಾನದಲ್ಲೇ ಗೇಜ್ (ಅಳತೆಯ ಚೌಕಟ್ಟು) ಒಳಗೆ ಬ್ಯಾಟ್ ತೂರಿಸಿ ನೋಡ್ತಿದ್ದದ್ದು ಎಲ್ಲರಿಗೂ ನೆನಪಿರಬೇಕು. ಆರ್ಡರ್ ಕೊಡುವಾಗ 39 ಅಂತಲೇ ಬರೆಸಿ.

ಲೋಲಕ

ತಕ್ಕಡಿ ತೂಕದಿಂದ ಪಿಕಪ್ (ಎತ್ತಿದಾಗ ಕೈಗೆ ಸಿಗೋ ಭಾರ) ಗೊತ್ತಾಗೋದಿಲ್ಲ. ಮನೆಯಲ್ಲೇ ಅಳೆಯೋ ದಾರಿ ಇದೆ, ಹತ್ತು ನಿಮಿಷದ ಕೆಲಸ.

ಒಂದು ಸೈಕಲ್ ಚಕ್ರದ ಕಡ್ಡಿ ತಗೊಳ್ಳಿ. ಹಿಡಿಕೆಯ ತುದಿಯಿಂದ ಸರಿಯಾಗಿ 15 ಸೆಂ.ಮೀ. ಕೆಳಗೆ ಅದನ್ನ ಅಡ್ಡಲಾಗಿ ಇಟ್ಟು ರಬ್ಬರ್ ಬ್ಯಾಂಡ್‌ನಿಂದ ಬಿಗಿಯಾಗಿ ಕಟ್ಟಿ. ಕಡ್ಡಿಯ ಎರಡು ತುದಿ ಎರಡು ಪುಸ್ತಕದ ರಾಶಿ ಮೇಲೆ ಕೂರಲಿ. ಟೋ ಕಡೆ ಅಡುಗೆಮನೆ ಡಿಜಿಟಲ್ ತಕ್ಕಡಿ ಇಟ್ಟು, ಅದರ ಮೇಲೆ ಒಂದು ಪೆನ್ಸಿಲ್; ಟೋ ತುದಿಯಿಂದ 1 ಸೆಂ.ಮೀ. ಒಳಗೆ ಪೆನ್ಸಿಲ್ ತಾಗಬೇಕು. ಬ್ಯಾಟ್ ಮಟ್ಟಸವಾಗಿದೆಯಾ ನೋಡಿ ತಕ್ಕಡಿ ಓದಿ. ಮೂರು ಬ್ಯಾಟಿಗೂ ಅದೇ ದೂರ, ಅದೇ ಎತ್ತರ. ನೀವು ಎತ್ತಿ ಹಿಡಿದಾಗ ಮಣಿಕಟ್ಟಿಗೆ ಸಿಗೋ ಭಾರ ಈ ಅಂಕಿಯ ಲೆಕ್ಕದಲ್ಲೇ ಹೆಚ್ಚು ಕಮ್ಮಿ ಆಗೋದು.

ಆಮೇಲೆ ಅದೇ ಕಡ್ಡಿಯನ್ನ ಎರಡು ಮೇಜಿನ ನಡುವೆ ಇಟ್ಟು ಬ್ಯಾಟನ್ನ ಇಳಿಬಿಡಿ. ಒಂದು ಗೇಣು ಪಕ್ಕಕ್ಕೆ ಎಳೆದು ಬಿಟ್ಟು 50 ತೂಗಾಟಕ್ಕೆ ಎಷ್ಟು ಸೆಕೆಂಡ್ ಅಂತ ಅಳೆಯಿರಿ. ಹೋಗಿ ಬಂದರೆ ಒಂದು. ಹತ್ತಕ್ಕೇ ನಿಲ್ಲಿಸಬೇಡಿ, ಸ್ಟಾಪ್‌ವಾಚ್ ಒತ್ತೋ ಬೆರಳಿನ ತಪ್ಪೇ 0.2 ಸೆಕೆಂಡ್ ಇರುತ್ತೆ, ಬ್ಯಾಟ್ ಬ್ಯಾಟಿನ ವ್ಯತ್ಯಾಸ ಅದರಲ್ಲಿ ಮುಳುಗಿಹೋಗುತ್ತೆ.

ಕವರ್‌ಡ್ರೈವ್_ಬಸವನಗುಡಿ

ಅಳೆದಾಯ್ತು. ಒಂದೊಂದನ್ನೂ ಮೂರು ಸಲ, ನಡುವಿನ ಅಂಕಿ ಬರೀತಿದೀನಿ.

ಅ: ಟೋ ಭಾರ 640 ಗ್ರಾಂ, 50 ತೂಗಾಟಕ್ಕೆ 71.0 ಸೆಕೆಂಡ್.

ಬ: 642 ಗ್ರಾಂ, 70.9 ಸೆಕೆಂಡ್.

ಕ: 654 ಗ್ರಾಂ, 71.8 ಸೆಕೆಂಡ್.

ಅಂದರೆ 1190 ಗ್ರಾಮಿನ ಬ್ಯಾಟು 1148ರದ್ದಕ್ಕಿಂತ ಹಗುರವಾಗಿ ಏಳುತ್ತಾ?

ಲೋಲಕ

ಹೌದು, ಏಳುತ್ತೆ. ‘ಬ’ದ ಟೋ ತೆಳು, ಮರ ಮೇಲೆ ಕೂತಿದೆ. ‘ಕ’ದಲ್ಲಿ 20 ಮಿ.ಮೀ. ಟೋ, ಬೆನ್ನಿನ ಉಬ್ಬೂ ಕೆಳಗೆ. ಬ್ಯಾಟ್ ಬೀಸುವಾಗಿನ ಜಡತ್ವಕ್ಕೆ ತೂಗಾಟದ ಸಮಯದ ವರ್ಗವನ್ನ ಟೋ ಭಾರದಿಂದ ಗುಣಿಸಿ ಹೋಲಿಸಿ: ‘ಅ’ಗಿಂತ ‘ಕ’ ಸುಮಾರು ನಾಲ್ಕೂವರೆ ಪರ್ಸೆಂಟ್ ಜಾಸ್ತಿ ಬರುತ್ತೆ. ‘ಅ’ ಮತ್ತು ‘ಬ’ ಒಂದೇ ಅಂತ ತಿಳೀರಿ. 0.1 ಸೆಕೆಂಡಿಗೆ ಅರ್ಥವಿಲ್ಲ.

ಥರ್ಡ್‌ಮ್ಯಾನ್

‘ಕ’ಗೆ ಇನ್ನೊಂದು ಗ್ರಿಪ್ ಏರಿಸಿದರಾಯ್ತಲ್ಲ? ಬ್ಯಾಲೆನ್ಸ್ ಮೇಲೆ ಬರುತ್ತೆ, ಪಿಕಪ್ ಹಗುರ ಆಗುತ್ತೆ. ಎಲ್ಲರೂ ಮಾಡೋದು ಅದನ್ನೇ.

ಲೋಲಕ

ಎಲ್ಲರೂ ಮಾಡ್ತಾರೆ, ಎಲ್ಲರೂ ಮೋಸ ಹೋಗ್ತಾರೆ. ಒಂದು ಗ್ರಿಪ್ 50 ಗ್ರಾಂ ಅಂತ ಇಟ್ಟುಕೊಳ್ಳಿ. ಅದರ ಭಾರ ಕೂರೋದು ನಿಮ್ಮ ಅಂಗೈ ಕೆಳಗೇ. ಬೆರಳ ಮೇಲೆ ಬ್ಯಾಟ್ ತೂಗಿಸಿದರೆ ಬ್ಯಾಲೆನ್ಸ್ ಬಿಂದು ಒಂದೂವರೆ ಸೆಂ.ಮೀ. ಮೇಲೆ ಸರಿದಿರುತ್ತೆ, ನಿಜ. ಆದರೆ ಟೋ ಕೆಳಗಿನ ತಕ್ಕಡಿ ಒಂದೆರಡು ಗ್ರಾಮೂ ಅಲ್ಲಾಡಲ್ಲ. ಕೈಗೆ ಸಿಗೋ ಎಳೆತ ಅದೇ, ಒಟ್ಟು ತೂಕ ಮಾತ್ರ ಏರಿತು. ಹಿಡಿಕೆ ದಪ್ಪವಾಗಿ ಹಿಡಿತ ಬದಲಾಗೋದರಿಂದ ಹಗುರ ಅನ್ನಿಸಬಹುದು, ಅದು ಬೇರೆ ಮಾತು. ಪಿಕಪ್ ನಿಜಕ್ಕೂ ಇಳೀಬೇಕಂದರೆ ಟೋ ಕಡೆಯಿಂದ ಮರ ತೆಗೀಬೇಕು. ಬೆನ್ನಿನ ಕೆಳಭಾಗದಲ್ಲಿ 15 ಗ್ರಾಂ ಕೆತ್ತಿದರೂ ಕೈಗೆ ಗೊತ್ತಾಗುತ್ತೆ. ಅದನ್ನ ಮೇಕರೇ ಮಾಡಲಿ.

ಎಸೆಕ್ಸ್_ಕನ್ನಡಿಗ

ಕಂದು ಪಟ್ಟೆ ನೋಡಿ ‘ಬ’ವನ್ನ ಪಕ್ಕಕ್ಕೆ ಇಡಬೇಡಿ. ಇಲ್ಲಿ ಎಸೆಕ್ಸ್ ಸುತ್ತ ಬ್ಯಾಟಿಗಂತಲೇ ವಿಲೋ ಬೆಳೀತಾರೆ, 1894ರಿಂದ ಜೆ. ಎಸ್. ರೈಟ್ ಆ್ಯಂಡ್ ಸನ್ಸ್‌ನವರದ್ದು ಅದೇ ಕಸುಬು. ಮೀರತ್, ಜಲಂಧರ್‌ಗೂ ಇಲ್ಲಿಂದ ಕ್ಲೆಫ್ಟ್ ಹೋಗುತ್ತೆ. ಮರ ಕಡಿಯೋದು ಹೆಚ್ಚುಕಮ್ಮಿ 15ರಿಂದ 20 ವರ್ಷಕ್ಕೆ. ದಿಮ್ಮಿ ಕೊರೆದು, ಸೀಳಿ, ತುದಿಗೆ ಮೇಣ ಬಳಿದು ಒಣಗಿಸಿ, ಆಮೇಲೆ ಗ್ರೇಡ್ ಹಾಕ್ತಾರೆ. ಆ ಗ್ರೇಡ್ ಪೂರ್ತಿ ಕಣ್ಣಳತೆ: ಗ್ರೇನ್ ನೇರ ಇದೆಯಾ, ಬಿಳುಪಾಗಿದೆಯಾ, ಗಂಟು, ಚುಕ್ಕೆ ಇದೆಯಾ. ಯಾರೂ ಚೆಂಡು ಹೊಡೆದು ಗ್ರೇಡ್ ಹಾಕೋದಿಲ್ಲ. ಕಂದು ಭಾಗ ಮರದ ಒಳತಿರುಳು, ಅದರಿಂದ ಪಿಂಗ್ (ಚೆಂಡು ಪುಟಿಸೋ ಗುಣ) ಕಮ್ಮಿ ಆಗೋದಿಲ್ಲ, ಬೆಲೆ ಕಮ್ಮಿ ಆಗುತ್ತೆ. ಚಿಟ್ಟೆರೆಕ್ಕೆಯಂಥ ಚುಕ್ಕೆ ಇರೋ ‘ಬಟರ್‌ಫ್ಲೈ’ ಬ್ಯಾಟು ಗಟ್ಟಿಮುಟ್ಟು ಅಂತ ಹುಡುಕಿ ತಗೊಳ್ಳೋರೂ ಇದ್ದಾರೆ.

ಗ್ರೇನ್ ಅಂದರೆ ವರ್ಷದ ಉಂಗುರ. 11 ಇದ್ದರೆ ಆ ಮರ ನಿಧಾನವಾಗಿ ಬೆಳೆದಿದೆ ಅಂತ. ಬೇಗ ಪಳಗುತ್ತೆ, ಬೇಗ ಸವೆಯುತ್ತೆ. 6 ಇದ್ದರೆ ಒಂದಷ್ಟು ನೆಟ್ಸ್ ಜಾಸ್ತಿ ಬೇಕು, ಪಳಗಿದ ಮೇಲೆ ಜಾಸ್ತಿ ದಿನ ಬಾಳುತ್ತೆ. ಎಣಿಸೋದಕ್ಕಿಂತ ಮುಖ್ಯವಾದದ್ದು ಗ್ರೇನ್ ಎಲ್ಲಿ ಹೋಗಿ ಮುಗಿಯುತ್ತೆ ಅನ್ನೋದು. ಟೋ ಇಂದ ಸ್ಪ್ಲೈಸ್‌ವರೆಗೆ (ಹಿಡಿಕೆ ಬ್ಲೇಡಿಗೆ ಸೇರೋ ಜಾಗ) ಒಂದೊಂದೇ ಗೆರೆ ಕಣ್ಣಲ್ಲಿ ಹಿಂಬಾಲಿಸಿ. ಕೆಳಗಿನ 20 ಸೆಂ.ಮೀ. ಒಳಗೆ ಯಾವುದಾದರೂ ಗೆರೆ ಓರೆಯಾಗಿ ಎಡ್ಜ್‌ನಿಂದ ಹೊರಗೆ ಜಾರಿದ್ದರೆ, ಬಿರುಕು ಏಳೋದು ಅಲ್ಲಿಂದಲೇ.

ಎಚ್ಚರಿಕೆ ಬೇಕಾದದ್ದು ಬ್ಲೀಚ್ ವಿಷಯದಲ್ಲಿ. ಮುಖ ಸುಣ್ಣದಷ್ಟು ಬೆಳ್ಳಗಿದ್ದು ಸ್ಟಿಕ್ಕರ್ ಅಂಚಿನಲ್ಲಿ, ಟೋ ಕೊನೆಯಲ್ಲಿ ಬಣ್ಣ ಬೇರೆ ಕಂಡರೆ ಪ್ರಶ್ನೆ ಕೇಳಿ. ‘ಬ’ದ ಕಂದು ಪಟ್ಟೆ ಕಾಣ್ತಾ ಇದೆ ಅಂದರೆ ಕನಿಷ್ಠ ಅದನ್ನ ಮುಚ್ಚಿಟ್ಟಿಲ್ಲ.

ಉಳಿ_ಹತ್ತರಿ

ಪಟ್ಟೆ ಬಗ್ಗೆ ಒಪ್ಪಿದೆ. ಗಂಟಿನ ಬಗ್ಗೆ ಒಂದು ಮಾತು: ಬೆನ್ನಲ್ಲಿದ್ದರೆ ಬಿಡಿ, ಮುಖದ ಮೇಲೆ ಚೆಂಡು ತಾಗೋ ಜಾಗದಲ್ಲಿದ್ದರೆ ಬೇಡ. ಗಂಟಿನ ಸುತ್ತ ನಾರು ಸುತ್ತಿಕೊಂಡಿರುತ್ತೆ, ಪ್ರೆಸ್ ಅಲ್ಲಿ ಸಮ ಕೂರಲ್ಲ.

ಪ್ರೆಸ್ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ಒಬ್ಬನೇ ಮೇಕರ್ ಮಾಡಿದ ಮೂರು ಬ್ಯಾಟು ಮೂರು ಥರ ವರ್ತಿಸೋದು ಹೆಚ್ಚಾಗಿ ಇದರಿಂದಲೇ. ರೋಲರ್ ಕೆಳಗೆ ಮುಖ ಹಾಯಿಸಿದಾಗ ಮೇಲಿನ ಕೆಲವೇ ಮಿಲಿಮೀಟರ್ ಮರ ಬಿಗಿಯಾಗುತ್ತೆ. ಕಮ್ಮಿ ಒತ್ತಿದರೆ ಮೊದಲ ದಿನವೇ ಚೆಂಡು ಓಡುತ್ತೆ, ಹತ್ತು ಮ್ಯಾಚಲ್ಲಿ ಮುಖದ ತುಂಬ ಸೀಮ್ ಗುಳಿ. ಜಾಸ್ತಿ ಒತ್ತಿದರೆ ಕಲ್ಲು: ಒಡೆಯಲ್ಲ, ಓಡಿಸಲ್ಲ, ಕೈ ಜುಮ್ಮೆನ್ನುತ್ತೆ. ಮೃದು ಕ್ಲೆಫ್ಟಿಗೆ ಎಷ್ಟು, ಗಟ್ಟಿ ಕ್ಲೆಫ್ಟಿಗೆ ಎಷ್ಟು ಅಂತ ಒಂದೊಂದಕ್ಕೂ ಒತ್ತಡ ಬದಲಿಸೋನು ಒಳ್ಳೆ ಮೇಕರ್. ಎಲ್ಲಕ್ಕೂ ಒಂದೇ ಸೆಟ್ಟಿಂಗ್ ಇಟ್ಟರೆ ಕೈಕೆಲಸ ಅನ್ನೋ ಮಾತಿಗೆ ಬೆಲೆ ಇಲ್ಲ.

ಇದನ್ನ ಹೊರಗಿಂದ ತಿಳಿಯೋಕೆ ಹಳೇ ಲೆದರ್ ಬಾಲ್ ಸಾಕು. ನಿಮ್ಮದು ವಾಪಸ್ ಹೋಗಬಹುದಾದ ಬ್ಯಾಟು, ಆದ್ದರಿಂದ ಬಾಲನ್ನ ಬಿಳೀ ಕಾಲುಚೀಲದೊಳಗೆ ಹಾಕಿ ಗಂಟು ಕಟ್ಟಿ. ಕೆಂಪು ಕಲೆ ಹತ್ತಲ್ಲ. ಹಿಡಿಕೆಯನ್ನ ಹೆಬ್ಬೆರಳು ತೋರುಬೆರಳ ನಡುವೆ ಸಡಿಲವಾಗಿ ತೂಗಿಬಿಟ್ಟು, ಟೋ ಇಂದ ಶುರುಮಾಡಿ ಎರಡೆರಡೂವರೆ ಸೆಂ.ಮೀ.ಗೊಮ್ಮೆ ಮೆಲ್ಲಗೆ ತಟ್ಟುತ್ತಾ ಮೇಲೆ ಹೋಗಿ. ಬೆರಳಿಗೆ ನಡುಕ ಬರದೆ ಬಾಲ್ ತಾನಾಗಿ ಹಿಂದೆ ಚಿಮ್ಮೋ ಜಾಗ ಎಲ್ಲಿಂದ ಎಲ್ಲಿವರೆಗೆ ಅಂತ ಸೀಸದಕಡ್ಡಿಯಲ್ಲಲ್ಲ, ಟೇಪ್ ಚೂರಲ್ಲಿ ಗುರುತು ಮಾಡಿ. ಮುಖಕ್ಕೆ ಉಗುರು ಒತ್ತಿ ನೋಡೋ ಚಪಲ ಬೇಡ.

ಕವರ್‌ಡ್ರೈವ್_ಬಸವನಗುಡಿ

ಟೋ ತುದಿಯಿಂದ ಅಳತೆ. ಅ: 15ರಿಂದ 27 ಸೆಂ.ಮೀ. ಬ: 18ರಿಂದ 29. ಕ: 12ರಿಂದ 25. ಪುಟಿಯೋದರಲ್ಲಿ ‘ಕ’ ಎಲ್ಲಕ್ಕಿಂತ ಜೋರು, ಸದ್ದು ಟೊಳ್ಳು ಟೊಳ್ಳು. ‘ಬ’ ಸದ್ಯಕ್ಕೆ ಸಪ್ಪೆ.

ಹುಬ್ಳಿ_ಹುಕ್‌ಶಾಟ್

ನಾ ಏನಂದೆ? ಪುಟಿಯೂದು ‘ಕ’ನ.

ಉಳಿ_ಹತ್ತರಿ

ನಾಕಿಂಗ್ (ಕೊಡತಿಯಿಂದ ತಟ್ಟಿ ಪಳಗಿಸೋದು) ಆಗದ ಬ್ಯಾಟು ಎಷ್ಟು ಪುಟಿಸ್ತು ಅಂತ ನೋಡಬೇಡಿ ರೀ, ಎಲ್ಲಿ ಪುಟಿಸ್ತು ಅಂತ ನೋಡಿ. ಪುಟಿತ ಆರು ಗಂಟೆ ಕೊಡತಿ ಏಟಿಗೆ ಬದಲಾಗುತ್ತೆ. ಜಾಗ ಬದಲಾಗಲ್ಲ. ಮ್ಯಾಟಿಂಗ್ ಮೇಲೆ ಬಾಲ್ ಏಳುತ್ತೆ, ಬ್ಯಾಟಿಗೆ ತಾಗೋದು 20ರಿಂದ 30ರ ಮಧ್ಯೆ. ‘ಕ’ದಲ್ಲಿ ಅಷ್ಟು ಹೊತ್ತಿಗೆ ಉಬ್ಬು ಇಳಿದಿರುತ್ತೆ. ಕೆಳಗೇ ಉಳಿಯೋ ನಿಧಾನದ ಟರ್ಫ್ ಮಾತ್ರ ಆಡೋರಾದರೆ ನಾನೂ ‘ಕ’ ಅಂತಲೇ ಅನ್ನುತ್ತಿದ್ದೆ.

ಹುಬ್ಳಿ_ಹುಕ್‌ಶಾಟ್

ಮ್ಯಾಟ್ ಮ್ಯಾಲೆ ಹುಕ್ ಹೊಡಿಯಾಕ ಎತ್ತರದ ಸ್ಪಾಟ್ ಬೇಕು, ಅದು ಖರೇನ. ಹಿಡಕಿ ನೋಡಿರೇನು? ಬ್ಲೇಡ್ ಎಷ್ಟ್ ಛಲೋ ಇದ್ರೂ ಹಿಡಕಿ ಸೊಟ್ಟ ಇದ್ರ ಎಲ್ಲಾ ನೀರಾಗ ಹೋಮ. ಒಂದು ಕಣ್ಣು ಮುಚ್ಚಿ ಹಿಡಕಿ ತುದಿಯಿಂದ ಟೋ ಕಡೆ ನೋಡ್ರಿ. ಮುಖದ ಮಧ್ಯದ ಗೆರಿ ಹಿಡಕಿ ಮಧ್ಯಕ್ಕ ಬರಬೇಕು. ಆಮ್ಯಾಲೆ ಟೋ ನೆಲಕ್ಕ ಊರಿ ಹಿಡಕಿ ಸ್ವಲ್ಪ ಬಗ್ಗಿಸ್ರಿ, ಕಿರ್ ಅಂದ್ರ ಬೆತ್ತದ ನಡುವಿನ ರಬ್ಬರ್ ಬಿಟ್ಟೈತಿ.

ಕವರ್‌ಡ್ರೈವ್_ಬಸವನಗುಡಿ

ಮೂರೂ ನೇರ ಇವೆ, ಸದ್ದಿಲ್ಲ. 12 ತುಂಡಿನ ಬೆತ್ತ ಅಂತ ಮೇಕರ್ ಹೇಳಿದಾರೆ. ಆದರೆ ‘ಅ’ದ ಬಲ ಭುಜದಲ್ಲಿ, ಹಿಡಿಕೆ ಬ್ಲೇಡಿನೊಳಗೆ ಇಳಿಯೋ ಕಡೆ, ಕೂದಲೆಳೆಯಷ್ಟು ಸಂದು ಕಾಣ್ತಿದೆ. ಇನ್ನೆರಡರಲ್ಲಿ ಇಲ್ಲ.

ಥರ್ಡ್‌ಮ್ಯಾನ್

ಎರಡು ತೊಟ್ಟು ಸೂಪರ್ ಗ್ಲೂ ಬಿಡಿ, ಮೇಲೆ ದಾರ ಸುತ್ತಿ. ಮುಗೀತು.

ಉಳಿ_ಹತ್ತರಿ

ದಯವಿಟ್ಟು ಬೇಡ. ಸ್ಪ್ಲೈಸ್ ಅಂದರೆ ವಿ ಆಕಾರದ ಕೊರೆತಕ್ಕೆ ಹಿಡಿಕೆ ಬೆಣೆಯ ಹಾಗೆ ಕೂತು, ಎರಡು ಕೆನ್ನೆಗೂ ಮರದ ಗೋಂದು ಪೂರ್ತಿ ಹಿಡಿದಿರಬೇಕು. ಸೂಪರ್ ಗ್ಲೂ ಗಾಜಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತೆ. ಹಿಡಿಕೆ ಬಾಗಿದಾಗ ಅದು ಬಾಗಲ್ಲ, ಒಡೆಯುತ್ತೆ. ಆಮೇಲೆ ಮೇಕರ್ ಸರಿಯಾದ ಗೋಂದು ಹಾಕ್ತೀನಿ ಅಂದರೂ ಮರ ಹಿಡಿಯಲ್ಲ.

ಸಂದಿನ ಆಳ ನೋಡಿ. ಸಿಗರೇಟ್ ಪೇಪರ್ ಅಥವಾ ಬಸ್ ಟಿಕೆಟಿನಂಥ ತೆಳು ಕಾಗದದ ಮೂಲೆ ತೂರಿಸಿ. ಒಂದು ಮಿ.ಮೀ.ಗೆ ನಿಂತರೆ ಅದು ಪಾಲಿಶ್ ಸೀಳು, ಬಿಡಿ. ಮೂರು ದಾಟಿದರೆ ಗೋಂದು ಹಿಡಿದಿಲ್ಲ.

ಕವರ್‌ಡ್ರೈವ್_ಬಸವನಗುಡಿ

ನಾಲ್ಕು ಮಿ.ಮೀ. ಇಳೀತು.

ಉಳಿ_ಹತ್ತರಿ

ಹಾಗಾದರೆ ‘ಅ’ ವಾಪಸ್. ಕಾಗದ ಸಿಕ್ಕಿಸಿದ ಹಾಗೇ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಕಳಿಸಿ. ಮೇಕರ್‌ಗೂ ಅದು ಉಪಯೋಗ. ಬಿಚ್ಚಿ ಹೊಸ ಹಿಡಿಕೆ ಕೂರಿಸಿದರೆ ಬ್ಲೇಡು ಒಳ್ಳೇದೇ ಇದೆ, ಇನ್ಯಾರಿಗೋ ಆಗುತ್ತೆ.

ಕಡಲತೀರ_ಕೀಪರ್

ಮಾರಾಯ್ರೆ, ಒಂದು ವಿಷಯ ಬಿಟ್ಟು ಹೋಯ್ತು. ಬ್ಯಾಟು ಬಂದ ದಿನವೇ ತೂಕ ಮಾಡಿ ತೀರ್ಮಾನ ಮಾಡ್ಲಿಕ್ಕಿಲ್ಲ. ಗಾಳಿಯ ತೇವ 30 ಪರ್ಸೆಂಟ್ ಇದ್ದಲ್ಲಿ ಮರದ ತೇವ 6 ಪರ್ಸೆಂಟಿನ ಹತ್ತಿರ ಬಂದು ನಿಲ್ತದೆ, 65 ಇದ್ದಲ್ಲಿ 12ರ ಹತ್ತಿರ, 85 ಇದ್ದಲ್ಲಿ 17, 18. ಬ್ಲೇಡಿನ ಒಣಮರ 950 ಗ್ರಾಂ ಅಂತ ಲೆಕ್ಕ ಹಾಕಿ, ಒಂದು ಪರ್ಸೆಂಟ್ ಏರಿದರೆ ಒಂಬತ್ತೂವರೆ ಗ್ರಾಂ. ಬೇಸಿಗೆಯ ಮೀರತ್‌ನಿಂದ ಜೂನ್ ತಿಂಗಳ ಮಂಗಳೂರಿಗೆ ಬಂದ ಬ್ಯಾಟು ನಾಲ್ಕು ಪರ್ಸೆಂಟ್ ಕುಡಿದರೆ ಒಂದು ಔನ್ಸಿಗಿಂತ ಹೆಚ್ಚೇ ಆಯ್ತಲ್ಲ. ಬೆಂಗಳೂರಿನಲ್ಲಿ ಅಷ್ಟು ಇಲ್ಲ, ಆದರೂ ಒಂದು ವಾರ ರೂಮಿನಲ್ಲಿ ಇಟ್ಟು ಮತ್ತೆ ತೂಗಿ. ‘ಕ’ ಮಾತ್ರ ಏರಿ, ಉಳಿದವು ಇದ್ದಲ್ಲೇ ಇದ್ದರೆ ಅದನ್ನು ಹೆಚ್ಚು ಒಣಗಿಸಿದ್ದು ಅಂತ ನೀವೇ ಕಂಡುಹಿಡಿದ ಹಾಗೆ. ಮೇಕರನ್ನು ಕೇಳ್ಲಿಕ್ಕೇ ಬೇಡ.

ಎಣ್ಣೆಯ ಬಗ್ಗೆಯೂ ಹೇಳ್ತೇನೆ. ಹಸಿ ಅಗಸೆ ಎಣ್ಣೆ, ಪೇಂಟ್ ಅಂಗಡಿಯ ಕಾಯಿಸಿದ್ದು ಅಲ್ಲ. ಒಂದು ಸಲಕ್ಕೆ ಒಂದು ಟೀ ಚಮಚ, ಬಟ್ಟೆಯಲ್ಲಿ ಮುಖ, ಎಡ್ಜ್, ಟೋಗೆ ತೆಳ್ಳಗೆ. ಸ್ಪ್ಲೈಸ್ ಮುಟ್ಟಬೇಡಿ, ಗೋಂದು ಸಡಿಲ ಆಗ್ತದೆ. ಮುಖ ಮೇಲೆ ಮಾಡಿ 24 ಗಂಟೆ ಮಲಗಿಸಿ. ನಿಲ್ಲಿಸಿದರೆ ಎಣ್ಣೆ ಎಲ್ಲ ಟೋಗೆ ಇಳಿದು ಅಲ್ಲಿ ಭಾರ. ಎರಡು ಕೋಟ್ ಸಾಕು, ಒಣಗಿದ ಬ್ಯಾಟಿಗೆ ಮೂರು. ನಮ್ಮಲ್ಲಿ ಕೆಲವರಿಗೆ ದೋಸೆ ಕಾವಲಿಗೆ ಹಚ್ಚಿದ ಹಾಗೆ ವಾರಕ್ಕೊಮ್ಮೆ ಹಚ್ಚುವ ಮರ್ಲು ಉಂಟು. ಮರ ಎಣ್ಣೆ ಕುಡಿದು ಸತ್ತ ಹಾಗೆ ಆಗ್ತದೆ, ಆಮೇಲೆ ಯಾವ ಮದ್ದೂ ಇಲ್ಲ.

ಕವರ್‌ಡ್ರೈವ್_ಬಸವನಗುಡಿ

ಎಂಟು ದಿನ ಆಯ್ತು. ಅ 1164, ಬ 1191, ಕ 1163. ಅದೇ ತಕ್ಕಡಿ, ಅದೇ ಗ್ರಿಪ್. ‘ಕ’ದ ಎಡ್ಜ್ ಈಗ 40.2 ತೋರಿಸ್ತಿದೆ.

ಉಳಿ_ಹತ್ತರಿ

15 ಗ್ರಾಂ ಕುಡೀತು. ಉತ್ತರ ಸಿಕ್ಕಿತಲ್ಲ. 40.2 ಅಂದರೆ ಕಾನೂನಿನ ಮಿತಿಯೂ ದಾಟಿತು.

ಹುಬ್ಳಿ_ಹುಕ್‌ಶಾಟ್

ಆತ್ ಬಿಡ್ರಿ, ಸೋತೆ. ‘ಬ’ ಇಟ್ಕೊಳ್ರಿ. ನಾಕಿಂಗ್ ಹೆಂಗ್ ಮಾಡೂದು ಅಂತ ಯಾರರ ಸರಿಯಾಗಿ ಹೇಳ್ರಿ, ಹುಡುಗರು ಟೋ ತಳಕ್ಕ ಬಡದು ಹಾಳ ಮಾಡ್ತಾರ.

ಉಳಿ_ಹತ್ತರಿ

ಎರಡನೇ ಕೋಟ್ ಎಣ್ಣೆ ಒಣಗಿದ ಮೇಲೆ ಶುರು. ಮರದ ಕೊಡತಿ, ದಿನಕ್ಕೆ ಅರ್ಧ ಗಂಟೆ, ಒಟ್ಟು ಆರು ಗಂಟೆ. 6 ಗ್ರೇನ್ ಆದ್ದರಿಂದ ಅದಕ್ಕಿಂತ ಕಮ್ಮಿ ಮಾಡಬೇಡಿ. ಮೊದಲ ಒಂದು ಗಂಟೆ ಬಾಗಿಲು ತಟ್ಟೋವಷ್ಟೇ ಬಲ, ಆಮೇಲೆ ಏರಿಸ್ತಾ ಹೋಗಿ. ಎಡ್ಜ್‌ಗೆ ಪಕ್ಕದಿಂದ ಹೊಡೀಬೇಡಿ. ಮುಖ ಎಡ್ಜ್ ಸೇರೋ ಮೂಲೆಗೆ 45 ಡಿಗ್ರಿ ಓರೆಯಲ್ಲಿ ಮೆಲ್ಲಗೆ, ಆ ಚೂಪು ಮೂಲೆ ದುಂಡಗಾಗೋವರೆಗೆ. ಹೊರ ಎಡ್ಜ್ ಸೀಳೋದು ಇದನ್ನ ಬಿಟ್ಟರೇ. ಟೋಗೆ ಮುಂದಿನಿಂದ ಮಾತ್ರ, ತಳದಿಂದ ಹೊಡೆದರೆ ನಾರು ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತೆ. ಬೆನ್ನಿಗೆ ಒಂದು ಏಟೂ ಬೇಡ.

ಆಮೇಲೆ ನೆಟ್ಸ್‌ನಲ್ಲಿ ಹಳೇ ಬಾಲ್, ಥ್ರೋಡೌನ್, ಎರಡು ಸೆಷನ್. ಸೀಮ್ ಗುರುತು ಆಳವಾಗಿ ಬಿದ್ದರೆ ನಿಲ್ಲಿಸಿ ಇನ್ನೊಂದು ಗಂಟೆ ಕೊಡತಿ. ಬೀಳದಿದ್ದರೆ ಟೋ ಗಾರ್ಡ್ ಅಂಟಿಸಿ, ಮುಖಕ್ಕೆ ಶೀಟ್ ಹಾಕಿ. ಕೊನೇ ಎಣ್ಣೆಗೂ ಶೀಟಿಗೂ ಮಧ್ಯೆ ಎರಡು ದಿನ ಬಿಡಲೇಬೇಕು, ಇಲ್ಲದಿದ್ದರೆ ಮೂಲೆ ಎದ್ದು ಬರುತ್ತೆ. ಟೋ ಗಾರ್ಡಿಗೆ ಒಣಗಿದ ಮೇಲೂ ರಬ್ಬರಿನ ಹಾಗೆ ಬಾಗೋ ಅಂಟೇ ಇರಲಿ.

ಎಸೆಕ್ಸ್_ಕನ್ನಡಿಗ

‘ಅ’ ಬದಲಿಗೆ ಇನ್ನೊಂದು ಮಾಡಿಸೋದಾದರೆ ‘2.9 ಪೌಂಡ್, ದೊಡ್ಡ ಎಡ್ಜ್, ಒಳ್ಳೆ ಪಿಂಗ್’ ಅಂತ ಬರೀಬೇಡಿ. ಆ 2.9 ಅಂದರೆ ಎರಡು ಪೌಂಡ್ ಒಂಬತ್ತು ಔನ್ಸೋ, ದಶಾಂಶವೋ ಅನ್ನೋದರಲ್ಲೇ ಗಲಾಟೆ ಆಗುತ್ತೆ. ಎರಡರ ಮಧ್ಯೆ 150 ಗ್ರಾಂ ವ್ಯತ್ಯಾಸ. ಹೀಗೆ ಬರೀರಿ:

‘ಒಂದು ಗ್ರಿಪ್ ಸಹಿತ 1160ರಿಂದ 1190 ಗ್ರಾಂ. ಉಬ್ಬಿನ ನಡು ಟೋ ಇಂದ 23ರಿಂದ 24 ಸೆಂ.ಮೀ. ಎಡ್ಜ್ 37ರಿಂದ 38, ಎರಡು ಕಡೆ ವ್ಯತ್ಯಾಸ 1 ಮಿ.ಮೀ. ಒಳಗೆ. ಟೋ 17. ಹಿಡಿಕೆ ತುದಿಯಿಂದ 15 ಸೆಂ.ಮೀ.ಗೆ ಊರಿದಾಗ ಟೋ ಭಾರ 645 ಗ್ರಾಂ ದಾಟಬಾರದು. ಹಿಡಿಕೆ ಸೆಮಿ ಓವಲ್. ಗ್ರೇಡ್ ಯಾವುದಾದರೂ ಸರಿ, ಕೆಳಗಿನ 20 ಸೆಂ.ಮೀ.ಯಲ್ಲಿ ಗ್ರೇನ್ ಹೊರಗೆ ಜಾರಿರಬಾರದು. ಕೆತ್ತುವಾಗಿನ ತೇವ ಬರೆದು ಕಳಿಸಿ.’

ಸಣ್ಣ ಮೇಕರ್ ಹತ್ತಿರ ಹೋಗೋದರ ಲಾಭ ಇಷ್ಟೇ: ಇದನ್ನ ಓದಿ ಆ ಥರ ಕೆತ್ತೋ ಮನುಷ್ಯ ಒಬ್ಬ ಇರ್ತಾನೆ. ಗ್ರೇಡ್ ಯಾವುದಾದರೂ ಸರಿ ಅಂದ ತಕ್ಷಣ ಬೆಲೆಯೂ ಇಳಿಯುತ್ತೆ.

ಕವರ್‌ಡ್ರೈವ್_ಬಸವನಗುಡಿ

ಇದನ್ನೇ ವಾಟ್ಸಾಪ್ ಮಾಡ್ತೀನಿ. ‘ಅ’, ‘ಕ’ ಎರಡೂ ನಾಳೆ ಪ್ಯಾಕ್.

ಉಳಿ_ಹತ್ತರಿ

ಟೋ ಕೆಳಗೆ ಥರ್ಮಾಕೋಲ್ ಇಟ್ಟು ಪ್ಯಾಕ್ ಮಾಡಿ, ಕೊರಿಯರ್‌ನವರು ಎಸೆಯೋದು ಆ ಕಡೆಗೇ. ಕಲೆ ಏನೂ ಬಿದ್ದಿಲ್ಲ ತಾನೇ?

ಕವರ್‌ಡ್ರೈವ್_ಬಸವನಗುಡಿ

ಬ್ಯಾಟಿಗಿಲ್ಲ. ಕಾಲುಚೀಲ ಒಂದು ಕೆಂಪಾಗಿದೆ.